ಬೇಡ ಎನ್ನುವವರಿಲ್ಲದ ಮನೆ

ಹಳೇ ಫರ್ನಿಚರ್ ಅಂಗಡಿಯವರ ಮನೆಯಲ್ಲಿ ಯಾರೂ ತಮಗೆ ಬೇಕಾದದ್ದನ್ನು ಬೇಕಾದಷ್ಟೇ ಕೇಳುತ್ತಿರಲಿಲ್ಲ. ಕೇಳಿದರೆ ಕೆಟ್ಟರು. ಮನೆಯೊಡತಿ ಏನು ಕೇಳಿದರೂ ಮೊದಲು “ಬೇಡ” ಅನ್ನುತ್ತಿದ್ದಳು, ಆಮೇಲೆ ಅರ್ಧಕ್ಕೆ ಇಳಿಸುತ್ತಿದ್ದಳು, ಕೊನೆಗೆ ಇಬ್ಬರೂ ಗಂಟಲು ಹರಿದುಕೊಂಡು ಎಲ್ಲೋ ನಡುವೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ಒಂದು ಬೇಕಿದ್ದವರು ಎರಡು ಕೇಳುವುದು ಆ ಮನೆಯ ರೂಢಿ. ಗಂಡ ಹಾಗೇ ಕೇಳುತ್ತಿದ್ದ, ಅತ್ತೆ ಹಾಗೇ ಕೇಳುತ್ತಿದ್ದಳು, ಮಗಳು ಮಾತು ಕಲಿತದ್ದೇ ಹಾಗೆ ಕೇಳುತ್ತ.

ಬೀದಿಯವರು ಅವಳಿಗೆ ಇಟ್ಟ ಹೆಸರು ಅರ್ಧಮ್ಮ. ಮನೆ ಖಾಲಿ ಮಾಡುವವರು ಮಂಚ, ಮೇಜು, ಬೀರು ಮಾರಲು ಬಂದರೆ ಅವರು ಹೇಳಿದ ಬೆಲೆಯನ್ನು ಕಣ್ಣು ಮಿಟುಕಿಸದೆ ಅರ್ಧ ಮಾಡುತ್ತಿದ್ದಳು. ಅದೇ ಸಾಮಾನು ಪಾಲಿಶ್ ಕಂಡು ಅಂಗಡಿಯ ಮುಂದಕ್ಕೆ ಬಂದ ಮೇಲೆ ಗಿರಾಕಿ ಅರ್ಧ ಬೆಲೆಗೆ ಕೇಳಿದರೆ, “ಯಾಕಪ್ಪಾ, ಮೇಜಿನ ಎರಡೇ ಕಾಲು ತಗೊಂಡು ಹೋಗ್ತೀಯಾ?” ಎನ್ನುತ್ತಿದ್ದಳು. ಗಂಡ ಮೆತ್ತನೆಯ ಆಸಾಮಿ. ಮರ ಉಜ್ಜುವುದು, ಸಡಿಲವಾದ ಕೀಲು ಬಿಗಿ ಮಾಡುವುದು ಬಿಟ್ಟರೆ ವ್ಯಾಪಾರದ ಮಾತು ಅವನಿಗೆ ಒಗ್ಗದು. ಯಾರಾದರೂ ಇಕ್ಕಟ್ಟಿಗೆ ಸಿಕ್ಕಿಸಿದರೆ “ನಮ್ಮವಳನ್ನ ಒಂದು ಮಾತು ಕೇಳಿ ಹೇಳ್ತೀನಿ” ಎಂದು ಜಾರಿಕೊಳ್ಳುತ್ತಿದ್ದ. ಅತ್ತೆಯೂ ಅಷ್ಟೇ, ಮನೆ ಬಾಗಿಲಿಗೆ ಯಾರು ಏನು ಕೇಳಿಕೊಂಡು ಬಂದರೂ “ಸೊಸೆ ಬೈತಾಳಪ್ಪ” ಎಂದುಬಿಡುತ್ತಿದ್ದಳು. ಆ ಮನೆಯಲ್ಲಿ “ಬೇಡ” ಅನ್ನುವ ಕೆಲಸ ಅವಳೊಬ್ಬಳದ್ದು. ಕೆಟ್ಟ ಹೆಸರು ಅವಳಿಗೆ, ಉಳಿದ ದುಡ್ಡು ಎಲ್ಲರಿಗೆ.

ಹೋದ ವರ್ಷ ಮಹಡಿ ಮನೆಯೊಂದರಿಂದ ಬೀರು ಇಳಿಸುವಾಗ ಹಗ್ಗ ಜಾರಿತು. ಬೀರು ಗೋಡೆಗೆ ಆನಿಕೊಂಡು ನಿಂತಿತು, ಅವಳ ಸೊಂಟ ನಿಲ್ಲಲಿಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರ ಒತ್ತುತ್ತಿದೆ ಎಂದರು. ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹಚ್ಚಿದ ಹಾಗೆ ಉರಿ. ಮುಲಾಮು ಆಯಿತು, ಬೆಲ್ಟು ಆಯಿತು, ಸೂಜಿ ಆಯಿತು, ಬಿಸಿನೀರಿನ ಚೀಲ ಆಯಿತು. ಕೂತು ಊಟ ಮಾಡಲಾಗದೆ ತಟ್ಟೆಯನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟುಕೊಂಡು ನಿಂತೇ ತಿನ್ನುತ್ತಿದ್ದಳು, ನಿಂತೇ ಎಲ್ಲರನ್ನೂ ಬೈಯುತ್ತಿದ್ದಳು.

ಕೊನೆಗೆ ನೋವಿಗೆಂದೇ ಇರುವ ಡಾಕ್ಟರಮ್ಮನ ಬಳಿ ಮಗಳೇ ಕರೆದುಕೊಂಡು ಹೋದಳು. ಡಾಕ್ಟರಮ್ಮ ಹೊಸ ಮಾತ್ರೆ ಬರೆದು, ಮುಚ್ಚುಮರೆ ಮಾಡದೆ ಹೇಳಿದರು. “ಇದು ಖಿನ್ನತೆಗೆ ಕೊಡೋ ಮಾತ್ರೆ. ನರದ ನೋವಿಗೂ ಕೆಲಸ ಮಾಡುತ್ತೆ.”

“ನನಗೆ ಖಿನ್ನತೆಗಿನ್ನತೆ ಏನಿಲ್ಲ ಡಾಕ್ಟ್ರೇ. ಸೊಂಟ ನೋವು ಅಷ್ಟೇ.”

“ಗೊತ್ತಮ್ಮ. ಸೊಂಟಕ್ಕೇ ಕೊಡ್ತಿರೋದು. ಬಾಯಿ ಒಣಗಬಹುದು, ಬೆವರು ಬರಬಹುದು, ನಿದ್ದೆ ಎಳೆಯಬಹುದು. ಮನಸ್ಸಿನಲ್ಲಿ ಏನಾದ್ರೂ ಬದಲಾದ ಹಾಗೆ ಕಂಡ್ರೆ ಬಂದು ಹೇಳಿ. ನೀವಾಗೇ ನಿಲ್ಲಿಸ್ಬೇಡಿ.”

“ಅರ್ಧ ಮಾತ್ರೆ ಸಾಕಾಗಲ್ವಾ?”

“ಇದು ತರಕಾರಿ ಅಂಗಡಿ ಅಲ್ಲಮ್ಮ.”

ಮಗಳು ನಕ್ಕಳು, ಡಾಕ್ಟರಮ್ಮನೂ ನಕ್ಕರು. ಮನೆಗೆ ಬಂದು ಹೇಳಿದಾಗ ಅತ್ತೆ ನಗಲಿಲ್ಲ.

“ತಲೆ ಕೆಟ್ಟವರಿಗೆ ಕೊಡೋ ಮಾತ್ರೆನಾ? ನೆಂಟರಿಗೆ ಗೊತ್ತಾದ್ರೆ ಏನಂತಾರೆ?”

“ನಿಮ್ಮ ಬಾಯಿಂದಲೇ ತಾನೇ ಗೊತ್ತಾಗ್ಬೇಕು ಅತ್ತೆ? ಅದನ್ನ ಮುಚ್ಕೊಂಡ್ರೆ ಆಯ್ತು,” ಎಂದಳು ಸೊಸೆ. ಅತ್ತೆ ಸೆರಗು ಕೊಡವಿ ಎದ್ದು ಹೋದಳು. ಅದು ಆ ಮನೆಯಲ್ಲಿ ನಡೆದ ಕೊನೆಯ ಸರಿಯಾದ ಜಗಳ.

ಮೊದಲ ವಾರ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಬ್ರೆಡ್ಡಿನ ತುಂಡು ಗಂಟಲಲ್ಲಿ ಇಳಿಯದೆ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದಳು. ಕೂತಲ್ಲೇ ಕುತ್ತಿಗೆ ಬೆವರುತ್ತಿತ್ತು. ಬಟ್ಟೆ ಮಡಿಸುತ್ತ ಮಡಿಸುತ್ತ ತೂಕಡಿಸುತ್ತಿದ್ದಳು. ಮೂರನೇ ವಾರಕ್ಕೋ ನಾಲ್ಕನೆಯದಕ್ಕೋ ಒಂದು ಸಂಜೆ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತಳು, ಕೂತು ಪೂರ್ತಿ ಊಟ ಮುಗಿಸಿದಳು. ಗಂಡ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದ.

“ಉರಿ ಇಲ್ವೇನೇ?”

“ಇದೆ. ದೂರದಲ್ಲಿ ಎಲ್ಲೋ ಇದೆ.”

ಆ ದಿನ ಮನೆಯವರಿಗೆಲ್ಲ ಹಬ್ಬದಷ್ಟು ಖುಷಿ. ಉರಿಯ ಜೊತೆಗೆ ಇನ್ನೇನೋ ದೂರ ಹೋಗಿದೆ ಎಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮೊದಲು ಏಟು ತಿಂದವನು ಗಂಡ. ಯಾವುದೋ ಲಾಡ್ಜು ಮುಚ್ಚುತ್ತಿತ್ತು, ಅಲ್ಲಿಯ ಮಂಚಗಳು ಮಾರಾಟಕ್ಕಿದ್ದವು. ಅವನಿಗೆ ಬೇಕಿದ್ದದ್ದು ನಾಲ್ಕೈದು. ರೂಢಿಯಂತೆ, “ಅಷ್ಟೂ ಮಂಚ ಎತ್ತಿಬಿಡೋಣ ಅಂತಿದೀನಿ” ಎಂದ. ಅವಳು ಆಲೂಗಡ್ಡೆ ಸುಲಿಯುತ್ತ, “ಆಗಲಿ” ಎಂದಳು.

ಅವನು ಕಾದ. ಸಿಪ್ಪೆ ಉದ್ದಕ್ಕೆ ಇಳಿಯುತ್ತಿತ್ತು, ಅವಳ ಮುಖದಲ್ಲಿ ಏನೂ ಇರಲಿಲ್ಲ. “ಅಷ್ಟೂ ಕಣೇ. ಇಪ್ಪತ್ತರ ಮೇಲಿದೆ.”

“ಆಗಲಿ ಅಂದ್ನಲ್ಲ ರೀ.”

ಅಲ್ಲಿ ಲಾಡ್ಜಿನವನು ಬಿಡಲಿಲ್ಲ. “ಮನೆಯವರನ್ನ ಕೇಳಿ ಹೇಳ್ತೀನಿ ಅಂದಿದ್ರಲ್ಲ, ಏನಂದ್ರು?” ಎಂದ. ಸುಳ್ಳು ಹೇಳಲು ಬಾರದ ಗಂಡ “ಆಗಲಿ ಅಂದ್ಲು” ಎಂದು ಹೇಳಿ ಸಿಕ್ಕಿಬಿದ್ದ. ಮಂಚಗಳು ಬಂದವು. ಅಂಗಡಿ ತುಂಬಿ, ಅಲ್ಲಿಂದ ಮನೆಯೊಳಕ್ಕೆ ಹೋಗುವ ಓಣಿ ತುಂಬಿ, ಅಡುಗೆಮನೆಯ ಬಾಗಿಲವರೆಗೂ ನಿಂತವು. ಎಲ್ಲರೂ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು.

ಮಂಚಕ್ಕೆ ಮೊಣಕಾಲು ತಗುಲಿಸಿಕೊಂಡ ಅತ್ತೆ ತನ್ನ ವರ್ಷಾವಧಿ ಅಸ್ತ್ರ ತೆಗೆದಳು. “ಈ ಮನೇಲಿ ಇರೋಕಾಗಲ್ಲ. ನಾನು ಮಗಳ ಮನೆಗೇ ಹೋಗಿ ಇದ್ದುಬಿಡ್ತೀನಿ.” ಇದಕ್ಕೆ ಸೊಸೆ, “ಹೋಗಿ, ಅಲ್ಲಿ ನಿಮಗೆ ಸಿಂಹಾಸನ ಹಾಕಿಟ್ಟಿದಾರೆ” ಎಂದು ಚುಚ್ಚಬೇಕು, ಅತ್ತೆ ಅಳಬೇಕು, ಕೊನೆಗೆ ಅತ್ತೆಗೆ ಹೊಸ ಚಪ್ಪಲಿಯೋ ಹೊದಿಕೆಯೋ ಬರಬೇಕು. ಸೊಸೆ ಅಂದದ್ದು ಇಷ್ಟೇ: “ಆಗಲಿ ಅತ್ತೆ. ನಿಮ್ಮ ಬಟ್ಟೆ ಎಲ್ಲಾ ಮಡಿಸಿಟ್ಟಿದೀನಿ.”

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು ಮುದುಕಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದಳು. ಮಗ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. “ಅವಳು ಹೀಗೆ ಮಾತಾಡೋದಕ್ಕಿಂತ ಬೈದಿದ್ರೇ ವಾಸಿಯಾಗಿತ್ತು ಕಣೋ,” ಎಂದಳು ಮುದುಕಿ.

ಇನ್ನು ಮಗಳು. ಅವಳು ಟೀಚರ್ ಟ್ರೈನಿಂಗಿನ ಕೊನೆಯ ವರ್ಷದಲ್ಲಿದ್ದಳು. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಹತ್ತಿಸಿದವಳು ತಾಯಿಯೇ. ಹೈಸ್ಕೂಲು ಮುಗಿದಾಗ ಗಂಡ, ಅತ್ತೆ ಇಬ್ಬರೂ “ಅಂಗಡೀಲಿ ಕೂತ್ಕೊಳ್ಳಲಿ” ಎಂದಾಗ ಅವಳು ಅಡುಗೆಯನ್ನೇ ನಿಲ್ಲಿಸಿ ಇಬ್ಬರನ್ನೂ ಒಣ ಬ್ರೆಡ್ಡಿನ ಮೇಲೆ ಬದುಕಿಸಿ ಒಪ್ಪಿಸಿದ್ದಳು. ಈಗ ತಾಯಿಯ ಸೊಂಟ ಬಿದ್ದ ಮೇಲೆ ಮನೆಯ ಕೆಲಸ ಬಹುಪಾಲು ಮಗಳ ತಲೆಗೆ ಬಂದಿತ್ತು. ಬೆಳಗಿನ ಅಡುಗೆ, ಅಜ್ಜಿಗೆ ಬಿಸಿನೀರು, ಪಾತ್ರೆ, ಬಟ್ಟೆ, ಆಮೇಲೆ ಓಡುತ್ತ ಕಾಲೇಜು. ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆ ಹತ್ತಿರ ಬರುತ್ತಿತ್ತು. ಅವಳಿಗೆ ಬೇಕಿದ್ದದ್ದು ಇಷ್ಟೇ: ಪರೀಕ್ಷೆ ಮುಗಿಯುವವರೆಗೆ ಸಂಜೆ ಅಡುಗೆ ಅಜ್ಜಿ ಮಾಡಲಿ, ಪಾತ್ರೆ ಅಪ್ಪ ತೊಳೆಯಲಿ. ನೇರ ಕೇಳಬಹುದಿತ್ತು. ಆದರೆ ಅರ್ಧಮ್ಮನ ಮಗಳು.

ಊಟದ ನಡುವೆ ಚಮಚ ಕೆಳಗಿಟ್ಟು, “ನಾನು ಕಾಲೇಜು ಬಿಡ್ತೀನಿ” ಎಂದಳು. “ನನ್ನ ಫ್ರೆಂಡು ಬಿಸ್ಕತ್ತು ಫ್ಯಾಕ್ಟರೀಲಿ ಇದಾಳೆ. ಹಾಸ್ಟೆಲ್ ಕೊಡ್ತಾರಂತೆ. ಅಲ್ಲಿ ಎಂಟು ಗಂಟೆ ಕೆಲಸ ಮಾಡಿದ್ರೆ ಮುಗೀತು. ಇಲ್ಲಿ ಮುಗಿಯೋದೇ ಇಲ್ಲ.”

ಅಪ್ಪ ಅಮ್ಮನ ಮುಖ ನೋಡಿದ. ಅಜ್ಜಿ ಅಮ್ಮನ ಮುಖ ನೋಡಿದಳು. ಮೂವರಿಗೂ ಮುಂದಿನ ಮಾತು ಬಾಯಿಪಾಠ. ಮೇಜು ಗುದ್ದುವ ಸದ್ದಿಗೆ ಅಪ್ಪ ನೀರಿನ ಲೋಟವನ್ನು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದ.

ಅಮ್ಮ ನೀರು ಕುಡಿದಳು. “ಆಗಲಿ ಪುಟ್ಟಿ. ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು.”

“ಕಾಲೇಜು ಬಿಡ್ತೀನಿ ಅಂದೆ ಅಮ್ಮ. ಕೇಳಿಸ್ತಾ?”

“ಕೇಳಿಸ್ತು.”

“ಅಷ್ಟೇನಾ?”

“ಇನ್ನೇನು ಹೇಳ್ಬೇಕು? ನೀನು ಚಿಕ್ಕವಳಲ್ವಲ್ಲ.”

ಮಗಳ ಕಣ್ಣು ತುಂಬಿ ಬಂತು. ಅವಳು ಎದ್ದು ಹೋಗುವಾಗ ಮಂಚಕ್ಕೆ ತೊಡೆ ತಗುಲಿ ಅದರ ನೆವದಲ್ಲಿ ಜೋರಾಗಿ ಅತ್ತಳು. ಅಜ್ಜಿ ಸೊಸೆಯ ತೋಳು ಹಿಡಿದು ಅಲುಗಿಸಿದಳು. “ಬೇಡ ಅನ್ನೇ! ಒಂದು ಸಲ ಅಂದ್ಬಿಡೇ, ನಿನ್ನ ದಮ್ಮಯ್ಯ!”

“ನೀವೇ ಹೇಳಿ ಅತ್ತೆ.”

“ನಾನು ಹೇಳಿದ್ರೆ ಯಾರು ಕೇಳ್ತಾರೆ?” ಎಂದಳು ಅತ್ತೆ. ಅದು ನಿಜವೂ ಆಗಿತ್ತು. ಗಂಡನೂ ಆ ವಾರವಿಡೀ ಮಗಳ ಹಿಂದೆ ಮುಂದೆ ಸುಳಿದು, “ನಿಮ್ಮಮ್ಮನೇ ಒಪ್ಪಿದ್ಮೇಲೆ ನಾನೇನು ಹೇಳ್ಲಿ” ಎಂದನೇ ಹೊರತು ತಾನಾಗಿ ಒಂದು ಮಾತು ಆಡಲಿಲ್ಲ. ಅದೇ ಬೀದಿಯಲ್ಲಿರುವ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಹುಡುಗಿಗಂತೂ ಹಿಂದಕ್ಕೆ ಸರಿಯಲು ದಾರಿಯೇ ಉಳಿಯಲಿಲ್ಲ. ತಡೆಯುವವರೇ ಇಲ್ಲದಿದ್ದರೆ ಹೋಗದೆ ಇರುವುದು ಹೇಗೆ?

ಹೋಗುವ ಬೆಳಗ್ಗೆ ತಾಯಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಬಟ್ಟೆಗಳನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಜಾಗ ಉಳಿಸಿದಳು, ಸೋಪನ್ನು ಬೇರೆ ಚೀಲಕ್ಕೆ ಹಾಕಿದಳು, ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ಕಟ್ಟಿಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಅಳುತ್ತಿದ್ದ. ಮಗಳು ಕಿಟಕಿಯಿಂದ ಅಮ್ಮನನ್ನು ಮಾತ್ರ ನೋಡುತ್ತಿದ್ದಳು, ಬಸ್ಸು ಹೊರಡುವವರೆಗೂ ನೋಡಿದಳು. ಅಮ್ಮ ಕೈ ಬೀಸಿ, “ಕಿಟಕಿ ಹಾಕ್ಕೋ, ಧೂಳು ಬರುತ್ತೆ” ಎಂದಳು.

ಬಸ್ಸು ಹೋದ ಮೇಲೆ ಅವಳಿಗೆ ಮೊದಲ ಸಲ ವಿಚಿತ್ರ ಅನ್ನಿಸಿತು. ಇಲ್ಲಿ ಅಳಬೇಕು ಎಂದು ಗೊತ್ತಿತ್ತು, ಅಳು ಮಾತ್ರ ಇರಲಿಲ್ಲ. ಹೊಟ್ಟೆ ತುಂಬಿದಾಗ ಊಟದ ಹೊತ್ತು ಬಂದ ಹಾಗೆ.

ಆಮೇಲಿನ ವಾರಗಳಲ್ಲಿ ಮನೆ ಮನೆಯಾಗಿ ಉಳಿಯಲಿಲ್ಲ. ಅತ್ತೆ ಬೇಯಿಸಿದ ಬೇಳೆಯಲ್ಲಿ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಯಾರೂ ಆಡಿಕೊಳ್ಳಲಿಲ್ಲ. ಮಗಳು ಭಾನುವಾರ ಫೋನು ಮಾಡಿ ಅಪ್ಪನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು. ಅಂಗಡಿಗೆ ಒಬ್ಬ ಹೆಂಗಸು ತೀರಿಕೊಂಡ ತಾಯಿಯ ಮಂಚ ಮಾರಲು ತಂದು, ಅದರ ತಲೆಹಲಗೆ ಸವರುತ್ತ ಬಿಕ್ಕಿಬಿಕ್ಕಿ ಅತ್ತಳು. ಅರ್ಧಮ್ಮ ಅವಳು ಹೇಳಿದಷ್ಟೂ ಎಣಿಸಿಕೊಟ್ಟಳು. ಗಂಡ ಬಾಯಿ ಬಾಯಿ ಬಿಟ್ಟ.

“ಏನೇ ಇದು? ಮಂಚದ ಮೇಲೆ ಮಂಚ! ಪಾಪ ಅನ್ನಿಸ್ತಾ?”

“ಇಲ್ಲ ರೀ. ಏನೂ ಅನ್ನಿಸ್ಲಿಲ್ಲ. ಅದಕ್ಕೇ ಕೊಟ್ಟೆ.” ದುಡ್ಡಿನ ಪೆಟ್ಟಿಗೆ ಮುಚ್ಚುತ್ತ ಅಂದಳು, “ಅವಳು ಅಳೋದು ನೋಡಿ ಹೊಟ್ಟೆಕಿಚ್ಚಾಯ್ತು ಅನ್ನೋಣ ಅಂದ್ರೆ ಅದೂ ಆಗ್ಲಿಲ್ಲ. ರೀ, ನಮ್ಮ ಹುಡುಗಿ ಹೋದ್ಲಲ್ಲ. ನಾನು ಯಾಕೆ ಬೇಡ ಅನ್ಲಿಲ್ಲ?”

ಗಂಡ ಪಾಲಿಶ್ ಬಟ್ಟೆ ಕೆಳಗಿಟ್ಟು ಅವಳನ್ನು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಕೆಲವರಿಗೆ ಈ ಮಾತ್ರೆಯಿಂದ ಹೀಗಾಗುತ್ತದೆ, ದುಃಖದ ಜೊತೆ ಸಂತೋಷ, ಸಿಟ್ಟು ಎಲ್ಲ ಮಂಕಾಗುತ್ತದೆ ಎಂದರು. ಮೊದಲೇ ಬಂದು ಹೇಳಬೇಕಿತ್ತು ಎಂದರು. ಸ್ವಲ್ಪ ಸ್ವಲ್ಪವೇ ಇಳಿಸೋಣ, ನೋವು ಮತ್ತೆ ಬಂದರೆ ಬೇರೆಯದನ್ನು ನೋಡೋಣ, ಎರಡು ಮೂರು ತಿಂಗಳು ಹಿಡಿಯುತ್ತದೆ ಎಂದರು.

“ಎರಡು ಮೂರು ತಿಂಗಳಾ? ಅಷ್ಟೊತ್ತಿಗೆ ಕಾಲೇಜಿನ ಬಾಗಿಲು ಹಾಕಿಬಿಡ್ತಾರೆ.”

“ಒಂದೇ ಸಲ ಬಿಟ್ರೆ ತೊಂದರೆ ಆಗುತ್ತಮ್ಮ. ಇದರಲ್ಲಿ ಚೌಕಾಸಿ ಬೇಡ.”

ಚೌಕಾಸಿ ಬೇಡ ಎಂದು ಅರ್ಧಮ್ಮನಿಗೆ ಹೇಳಿದರೆ ಆಗುತ್ತದೆಯೇ? ಮನೆಗೆ ಬಂದವಳೇ ಬ್ಲೇಡು ತೆಗೆದು ಮಾತ್ರೆಯನ್ನು ಎರಡು ಮಾಡಿದಳು. ನಾಲ್ಕು ದಿನ ಅರ್ಧ ನುಂಗಿದಳು, ಆಮೇಲೆ ಅದನ್ನೂ ಬಿಟ್ಟಳು.

ಬಿಟ್ಟದ್ದು ಸುಮ್ಮನೆ ಬಿಡಲಿಲ್ಲ. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತಿತ್ತು. ನೆಲ ಓಲಾಡುತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಅತ್ತೆ ಬಕೆಟ್ಟು ಹಿಡಿದುಕೊಂಡು ಪಕ್ಕದಲ್ಲೇ ಕೂತಳು, ಬೈಯುತ್ತ ಗಂಜಿ ಕುಡಿಸಿದಳು. ಅದೆಲ್ಲ ಇಳಿಯುವಷ್ಟರಲ್ಲಿ ಉರಿ ಬಂತು. ದೂರ ಹೋಗಿದ್ದದ್ದು ಬಡ್ಡಿ ಸಮೇತ ಬಂತು. ಸೊಂಟದಿಂದ ಹಿಮ್ಮಡಿಯವರೆಗೆ ಉರಿಯುತ್ತ, ಗೋಡೆ ಹಿಡಿದುಕೊಂಡು ನಡೆಯುತ್ತ, ಒಂದು ಮಧ್ಯಾಹ್ನ ಅವಳು ಓಣಿಯ ಮಂಚಕ್ಕೆ ಮೊಣಕಾಲು ಬಡಿಸಿಕೊಂಡಳು.

“ಯಾವ ಬುದ್ಧಿಗೇಡಿ ತಂದಿಟ್ಟ ಇವನ್ನ? ಇದೇನು ಮನೆಯೋ ಆಸ್ಪತ್ರೆಯೋ? ಆ ಲಾಡ್ಜಿನವನು ನಿಮ್ಮ ತಲೆ ಬೋಳಿಸಿ ಕಳಿಸಿದ್ರೆ ನಗ್ತಾ ಬಂದ್ರಾ?”

ಗಂಡ ಓಡಿ ಬಂದ. ಬೈಗುಳ ಕೇಳುತ್ತ ಅವನ ಮುಖ ಅರಳಿತು. “ನೀನೇ ಆಗಲಿ ಅಂದೆ ಕಣೇ,” ಎಂದ ಆಸೆಯಿಂದ, ಇನ್ನೂ ನಾಲ್ಕು ಬೀಳಲಿ ಎಂಬಂತೆ. ಅತ್ತೆ ಒಳಗಿನಿಂದಲೇ “ಬಂದ್ಲಪ್ಪ ನಮ್ಮ ಮಾರಿ!” ಎಂದು ಕಣ್ಣೊರೆಸಿಕೊಂಡಳು.

ಆದರೆ ಸಿಟ್ಟು ಒಂಟಿಯಾಗಿ ಬಂದಿರಲಿಲ್ಲ. ಬೈಯುತ್ತ ಬೈಯುತ್ತ ಅವಳಿಗೆ ಬಸ್ಸಿನ ಕಿಟಕಿ ನೆನಪಾಯಿತು. ಅಲ್ಲೇ ಮಂಚದ ಮೇಲೆ ಕುಸಿದು, “ನನ್ನ ಮಗೂನ ಧೂಳು ಬರುತ್ತೆ ಕಿಟಕಿ ಹಾಕ್ಕೋ ಅಂತ ಕಳಿಸ್ದೆನಲ್ರೀ” ಎಂದು ಎದೆ ಹಿಡಿದುಕೊಂಡಳು. ಗಂಡನ ನಗು ಅಲ್ಲಿಗೇ ನಿಂತಿತು.

ಮರುದಿನವೇ ಹೊರಟಳು. ಯಾರು ಜೊತೆಗೆ ಬರುತ್ತೇನೆಂದರೂ ಬೇಡ ಎಂದಳು. ಬಸ್ಸಿನಲ್ಲಿ ಕೂರಲಾಗದೆ ಅರ್ಧ ದಾರಿ ಕಂಬಿ ಹಿಡಿದು ನಿಂತಳು. ಫ್ಯಾಕ್ಟರಿಯ ಹಾಸ್ಟೆಲಿನಲ್ಲಿ ಭೇಟಿಗೆಂದು ಇದ್ದದ್ದು ಎರಡು ಬೆಂಚು, ಒಂದು ಫ್ಯಾನು. ಮಗಳು ತಲೆಗೆ ಬಲೆಯ ಟೋಪಿ ಹಾಕಿಕೊಂಡೇ ಬಂದಳು. ಮೈಯಿಂದ ಸಕ್ಕರೆ ಪಾಕದ ವಾಸನೆ ಬರುತ್ತಿತ್ತು. ಬೆರಳ ತುದಿಗಳಿಗೆ ಟೇಪು ಸುತ್ತಿತ್ತು.

“ಬೆರಳಿಗೆ ಏನಾಯ್ತೇ?”

“ಪ್ಯಾಕಿಂಗ್ ಕಾಗದ ಕುಯ್ಯುತ್ತೆ. ಎಲ್ಲರಿಗೂ ಆಗುತ್ತೆ.”

“ನಡಿ ಮನೆಗೆ. ಈಗಲೇ ಪೆಟ್ಟಿಗೆ ತಗೋ.”

“ಇಲ್ಲ ಅಮ್ಮ.”

“ಪ್ರಿನ್ಸಿಪಾಲರ ಕಾಲು ಹಿಡೀತೀನಿ. ಪರೀಕ್ಷೆಗೆ ಕೂರಿಸೇ ಕೂರಿಸ್ತಾರೆ.”

“ನಾನೇ ಫೋನ್ ಮಾಡಿ ಕೇಳಿದೆ. ಹಾಜರಿ ಸಾಲದು, ಈ ವರ್ಷ ಮುಗೀತು ಅಂದ್ರು. ಮುಂದಿನ ವರ್ಷ ಮೊದಲಿಂದ ಸೇರ್ಬೇಕು.”

ಅರ್ಧಮ್ಮ ಬೆಂಚಿನ ಅಂಚು ಹಿಡಿದುಕೊಂಡಳು. “ಹಾಗಾದ್ರೆ ತಿಂಗಳ ಕೊನೆಗೆ ಬಾ. ಮನೇಲಿರು, ಓದ್ಕೋ.” ಮಗಳು ಇಲ್ಲವೆಂದು ತಲೆಯಾಡಿಸಿದಳು. “ಪ್ರತಿ ಭಾನುವಾರ ಬಂದು ಹೋಗು.” ಅದಕ್ಕೂ ಇಲ್ಲ. “ಎರಡು ವಾರಕ್ಕೊಮ್ಮೆ?” ಮಗಳು ಬೆರಳಿನ ಟೇಪು ಬಿಗಿ ಮಾಡಿಕೊಂಡಳು. ಬೇರೆಯವರ ಬೆಲೆ ಇಳಿಸಿ ಇಳಿಸಿ ಬದುಕಿದವಳು ತನ್ನ ಬೆಲೆಯನ್ನು ತಾನೇ ಇಳಿಸುತ್ತ ಹೋದಳು. ತುಂಬ ಬೇಕಾದವರು ಯಾವಾಗಲೂ ಸೋಲುತ್ತಾರೆ, ಇದನ್ನು ಮಗಳಿಗೆ ಕಲಿಸಿದವಳೂ ಅವಳೇ.

“ಅವತ್ತು ನೀನು ಒಂದು ಮಾತು ಅಂದಿದ್ರೆ ಸಾಕಿತ್ತಮ್ಮ,” ಎಂದಳು ಮಗಳು. “ಬಸ್ ಹೊರಡೋ ತನಕ ಕಾದೆ. ನಾನು ಸಾಕಾಗಿ ಕಳಿಸ್ತಿದೀಯ ಅಂದ್ಕೊಂಡೆ.”

“ಅದು ನಾನಲ್ಲ ಪುಟ್ಟಿ. ಆ ಮಾತ್ರೆ.”

“ಅಪ್ಪ ಹೇಳಿದ್ರು.” ಮಗಳು ತಾಯಿಯ ಕಾಲು ನೋಡಿದಳು. ಬಲಗಾಲು ತಾನೇ ತಾನಾಗಿ ನಡುಗುತ್ತಿತ್ತು. ಮುಖ ಇಳಿದಿತ್ತು, ಹಣೆಯ ಬೆವರು ಕೆನ್ನೆಗೆ ಹರಿದಿತ್ತು. “ನಿಲ್ಲಿಸಿಬಿಟ್ಯಾ? ಡಾಕ್ಟರು ನಿಧಾನಕ್ಕೆ ಅಂದಿದ್ರಂತಲ್ಲ?”

“ನಿನ್ನನ್ನ ಕರೆಯೋಕೆ ಬರ್ಬೇಕಿತ್ತಲ್ಲ. ಮಾತ್ರೆ ನುಂಗ್ತಾ ಇದ್ದಿದ್ರೆ ಬರ್ಬೇಕು ಅಂತಲೇ ಅನ್ನಿಸ್ತಿರ್ಲಿಲ್ಲ.”

ಒಳಗೆ ಗಂಟೆ ಹೊಡೆಯಿತು, ಮಗಳು ಎದ್ದಳು. ಟೋಪಿ ಸರಿ ಮಾಡಿಕೊಳ್ಳುತ್ತ ತಾಯಿಯದೇ ಧ್ವನಿಯಲ್ಲಿ, ಅಂಗಡಿಯಲ್ಲಿ ಕೊನೆಯ ಬೆಲೆ ಹೇಳುವ ಧ್ವನಿಯಲ್ಲಿ ಅಂದಳು, “ರಜೆಗೆ ಬರ್ತೀನಿ. ಮುಂದಿನ ವರ್ಷ ಕಾಲೇಜಿಗೂ ಸೇರ್ತೀನಿ. ಆದ್ರೆ ನೀನು ಮಾತ್ರೆ ಶುರು ಮಾಡಿದ್ರೆ ಮಾತ್ರ. ಹೀಗೆ ಗೋಡೆ ಹಿಡ್ಕೊಂಡು ಓಡಾಡೋದನ್ನ ನೋಡೋಕೆ ನಾನು ಬರಲ್ಲ.”

“ಅದನ್ನ ತಗೊಂಡ್ರೆ ನೀನು ಬಾಗಿಲಲ್ಲಿ ಬಂದು ನಿಂತ್ರೂ ನನಗೇನೂ ಅನ್ಸಲ್ಲ ಕಣೇ.”

“ನನಗೆ ಅನ್ಸುತ್ತಲ್ಲ.”

“ಅರ್ಧ?”

“ಡಾಕ್ಟರು ಎಷ್ಟು ಹೇಳ್ತಾರೋ ಅಷ್ಟು. ಬೇರೆ ಮಾತ್ರೆ ಇದ್ರೆ ಕೇಳು. ಸಿಗೋ ತನಕ ಇದೇ.”

ಅರ್ಧಮ್ಮ ಟೇಪು ಸುತ್ತಿದ ಆ ಬೆರಳುಗಳನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು, “ಸರಿ” ಎಂದಳು. ಹೇಳಿದ ಬೆಲೆಗೆ ಒಪ್ಪಿದಳು.

ವಾಪಸು ಬರುವ ಬಸ್ಸು ಖಾಲಿಯಿತ್ತು. ನಾಳೆ ಡಾಕ್ಟರಮ್ಮನ ಬಳಿ ಹೋಗಬೇಕು, ಮಾತ್ರೆ ಶುರು ಮಾಡಬೇಕು, ಕೆಲವು ವಾರಗಳಲ್ಲಿ ಎಲ್ಲ ಮತ್ತೆ ದೂರ ಹೋಗುತ್ತದೆ. ಹೋಗುವ ಮೊದಲು ಮುಗಿಸಬೇಕಾದದ್ದು ಬಹಳ ಇತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಮಗಳು ಹೋದದ್ದಕ್ಕೆ ಅತ್ತಳು, ಕಳೆದುಹೋದ ಒಂದು ವರ್ಷಕ್ಕೆ ಅತ್ತಳು, ರಜೆಗೆ ಮಗಳು ಬಂದಾಗ ಬರಲಾರದ ಸಂತೋಷಕ್ಕೂ ಈಗಲೇ ಅತ್ತಳು. ಕಂಡಕ್ಟರು ಎದ್ದು ಬಂದು, “ಯಾಕಮ್ಮ, ಏನಾಯ್ತು?” ಎಂದು ಕೇಳಿದ.

“ಏನಿಲ್ಲಪ್ಪ,” ಎಂದಳು. “ಕಾಲು ನೋವು.”